ಕೆಲಸ ಬಿಟ್ಟು ನೆಟ್‌ವರ್ಕಿಂಗ್‌ನಲ್ಲಿ ಎಂ.ಟೆಕ್ ಮಾಡಬೇಕಾ?

ಪ್ರಶ್ನೆ: ಸರ್, ನಾನು ಇಸಿ (ಎಲೆಕ್ಟ್ರಾನಿಕ್ಸ್ ಅಂಡ್ ಕಮ್ಯುನಿಕೇಷನ್) ಬ್ರಾಂಚಿನಲ್ಲಿ ಬಿ.ಇ. ಮುಗಿಸಿದ್ದೇನೆ. ಈಗ ಬೆಂಗಳೂರಿನಲ್ಲಿ ನೆಟ್‌ವರ್ಕ್ ಸಪೋರ್ಟ್ ಕೆಲಸ, ಅದೂ ಶಿಫ್ಟ್ ಮೇಲೆ. ಸಿಸ್ಕೊ ಕಂಪನಿಯ ಸರ್ಟಿಫಿಕೇಟ್ ಸಿಸಿಎನ್‌ಎ ಆಗಿದೆ. ಲಿಂಕ್ ಡೌನ್ ಆದರೆ ಟಿಕೆಟ್ ತೆಗೆಯುವುದು, ಪಟ್ಟಿಯಲ್ಲಿರುವ ಕಮಾಂಡ್ ಹಾಕಿ ನೋಡುವುದು, ಸರಿಹೋಗದಿದ್ದರೆ ಮೇಲಿನ ಟೀಮಿಗೆ ತಳ್ಳುವುದು. ದಿನಾ ಇದೇ. ಸಿಸಿಎನ್‌ಎ ಮುಂದಿನ ಹಂತದ ಸಿಸಿಎನ್‌ಪಿ ಮಾಡಲಾ, ಇಲ್ಲ ಕೆಲಸ ಬಿಟ್ಟು ಎಂ.ಟೆಕ್ ಸೇರಲಾ? ಮನೆಯಲ್ಲಿ ಇನ್ನೂ ಎರಡು ವರ್ಷ ಓದಾ ಅಂತ ಕೇಳುತ್ತಿದ್ದಾರೆ.

ಉತ್ತರ: ಮೊದಲು ನನ್ನ ಹಿನ್ನೆಲೆ ಹೇಳಿಬಿಡುತ್ತೇನೆ. ರೂಟರ್ ತಯಾರಿಸುವ ಕಂಪನಿಯಲ್ಲಿ ಪ್ರೋಟೋಕಾಲ್ ಕೋಡ್ ಬರೆಯುತ್ತಿದ್ದೆ, ಈಗ ಪಿಜಿ ಮಕ್ಕಳಿಗೆ ಪಾಠ ಮಾಡುತ್ತೇನೆ. ಹಾಗಾಗಿ ಎಂ.ಟೆಕ್ ಕಡೆ ನನಗೆ ಸ್ವಲ್ಪ ಒಲವು ಇದ್ದೇ ಇರುತ್ತದೆ. ಅದನ್ನು ಕಳೆದು ಓದಿ.

ನಿಮ್ಮ ಗುರಿ ಮೇಲಿನ ಟೀಮಿಗೆ ಹೋಗುವುದು ಮಾತ್ರ ಆಗಿದ್ದರೆ ಸಿಸಿಎನ್‌ಪಿ ಸಾಕು. ಖರ್ಚು ಕಡಿಮೆ, ಸಂಬಳವೂ ನಿಲ್ಲುವುದಿಲ್ಲ. ಎಂ.ಟೆಕ್‌ನಲ್ಲಿ ಸಿಗುವುದು ಬೇರೆ ತರಹದ್ದು. ಒಂದು ಕೇಸ್ ಹೇಳುತ್ತೇನೆ, ನಿಮಗೂ ಬಂದಿರಬಹುದು. ಗ್ರಾಹಕರ ಹತ್ತಿರ 100 ಎಂಬಿಪಿಎಸ್ ಲಿಂಕ್ ಇದೆ. ಅಮೆರಿಕದ ಸರ್ವರ್‌ಗೆ ಫೈಲ್ ಕಳಿಸಿದರೆ ವೇಗ ಎರಡೂವರೆ ಎಂಬಿಪಿಎಸ್ ದಾಟುವುದಿಲ್ಲ. ನೀವು ನೋಡುತ್ತೀರಿ: ಲಿಂಕ್ ಅಪ್, ಎರರ್ ಸೊನ್ನೆ, ಪಿಂಗ್ (ಪ್ಯಾಕೆಟ್ ಹೋಗಿ ಬರುವ ಸಮಯ) 200 ಮಿಲಿಸೆಕೆಂಡ್. "ಸಮಸ್ಯೆ ಕಂಡುಬಂದಿಲ್ಲ" ಅಂತ ಟಿಕೆಟ್ ಮುಚ್ಚುತ್ತೀರಿ, ಅಲ್ವಾ?

ಈಗ ಲೆಕ್ಕ ಹಾಕೋಣ. ಫೈಲ್ ಕಳಿಸಲು ಬಳಸುವ ಪ್ರೋಟೋಕಾಲ್ ಟಿಸಿಪಿ. ಅದರ ಹೆಡರಿನಲ್ಲಿ, ಎಷ್ಟು ಡೇಟಾ ತೆಗೆದುಕೊಳ್ಳಬಲ್ಲೆ ಅಂತ ಆ ಕಡೆಯವರು ತಿಳಿಸುವ ವಿಂಡೋ ಜಾಗ 16 ಬಿಟ್ ಮಾತ್ರ. ಅಂದರೆ ಆ ಕಡೆಯಿಂದ ಒಪ್ಪಿಗೆ ಬರುವ ಮುಂಚೆ ಹೆಚ್ಚೆಂದರೆ 65,535 ಬೈಟ್ ಕಳಿಸಬಹುದು. ಒಂದು ಸುತ್ತಿಗೆ 0.2 ಸೆಕೆಂಡ್. 65,535 ಅನ್ನು 8ರಿಂದ ಗುಣಿಸಿ 0.2ರಿಂದ ಭಾಗಿಸಿ. ಸುಮಾರು 2.6 ಎಂಬಿಪಿಎಸ್. ಲಿಂಕ್ ಎಷ್ಟು ದಪ್ಪ ಇದ್ದರೂ ಅದರ ಮೇಲೆ ಹೋಗುವುದಿಲ್ಲ. ಪೈಪ್ ತುಂಬಬೇಕಾದರೆ 2.5 ಎಂಬಿಯಷ್ಟು ಡೇಟಾ ದಾರಿಯಲ್ಲಿರಬೇಕು. ಇದಕ್ಕಾಗಿಯೇ 1992ರಲ್ಲಿ ಆ ವಿಂಡೋವನ್ನು ದೊಡ್ಡದು ಮಾಡುವ ವಿಂಡೋ ಸ್ಕೇಲಿಂಗ್ ಬಂತು. ಅದು ಸಂಪರ್ಕ ಶುರುಮಾಡುವಾಗ ಎರಡೂ ಕಡೆಯವರು ಕಳಿಸುವ ಎಸ್‌ವೈಎನ್ ಪ್ಯಾಕೆಟ್‌ಗಳಲ್ಲೇ ಮಾತಾಡಿಕೊಂಡಿರಬೇಕು. ನಡುವೆ ಯಾವುದೋ ಹಳೇ ಫೈರ್‌ವಾಲ್ ಆ ಆಯ್ಕೆಯನ್ನು ಅಳಿಸಿಹಾಕಿದರೆ ಮತ್ತೆ 65,535ಕ್ಕೇ ಬಂದು ನಿಲ್ಲುತ್ತೀರಿ. ಪ್ಯಾಕೆಟ್ ಹಿಡಿದು ತೋರಿಸುವ ವೈರ್‌ಶಾರ್ಕ್‌ನಲ್ಲಿ ಎರಡೂ ತುದಿಯಲ್ಲಿ ಕ್ಯಾಪ್ಚರ್ ಮಾಡಿ ಎಸ್‌ವೈಎನ್ ತೆರೆದು ಹೋಲಿಸಿದರೆ ಕಳ್ಳ ಸಿಕ್ಕಿಬೀಳುತ್ತಾನೆ.

ಈ ಲೆಕ್ಕ ಓದುವಾಗ ನಿಮಗೆ ಖುಷಿ ಆಯಿತಾ, ಆಕಳಿಕೆ ಬಂತಾ? ಖುಷಿ ಆಗಿದ್ದರೆ ಮನೆಯವರ ಜೊತೆ ಕೂತು ಮಾತಾಡಿ.

ಇನ್ನೊಬ್ಬರ ಪ್ರಶ್ನೆ: ಸರ್, ಎಂ.ಟೆಕ್ ಸಿಲಬಸ್ ನೋಡಿದೆ. ಪ್ರಾಬಬಿಲಿಟಿ, ಕ್ಯೂಯಿಂಗ್ ಥಿಯರಿ ಅಂತೆಲ್ಲ ಇದೆ. ನೆಟ್‌ವರ್ಕಿಂಗ್‌ಗೆ ಇಷ್ಟೊಂದು ಗಣಿತ ಯಾಕೆ? ನನಗೆ ಗಣಿತ ಅಂದರೆ ಭಯ.

ಉತ್ತರ: ಯಾಕೆಂದರೆ ರೂಟರ್ ಒಳಗೆ ಇರುವುದೇ ಸರತಿ ಸಾಲು. 10 ಎಂಬಿಪಿಎಸ್ ಲಿಂಕ್ ತೆಗೆದುಕೊಳ್ಳಿ. 1,250 ಬೈಟಿನ ಪ್ಯಾಕೆಟ್ ಕಳಿಸಲು ಒಂದು ಮಿಲಿಸೆಕೆಂಡ್ ಬೇಕು. ಲಿಂಕ್ ಅರ್ಧ ತುಂಬಿದ್ದಾಗ, ಕ್ಯೂನಲ್ಲಿ ಕಾಯುವುದೂ ಸೇರಿ ಸರಾಸರಿ 2 ಮಿಲಿಸೆಕೆಂಡ್. ಶೇ. 80 ತುಂಬಿದಾಗ 5. ಶೇ. 90ಕ್ಕೆ 10. ಶೇ. 95ಕ್ಕೆ 20. ಶೇ. 99ಕ್ಕೆ 100! ಇದು ಎಂ/ಎಂ/1 ಅನ್ನುವ ಅತಿ ಸರಳ ಮಾದರಿಯ ಲೆಕ್ಕ. ನಿಜವಾದ ಟ್ರಾಫಿಕ್ ಇದಕ್ಕಿಂತ ಒರಟು, ಗುಂಪುಗುಂಪಾಗಿ ಬರುತ್ತದೆ. ಆದರೆ ಈ ಅಂಕಿಗಳ ಗ್ರಾಫ್ ಬರೆದರೆ ಗೆರೆ ಹೇಗೆ ಕೊನೆಯಲ್ಲಿ ನೆಟ್ಟಗೆ ಮೇಲೇಳುತ್ತದೆ ಅನ್ನುವುದು ಇಲ್ಲೇ ಕಾಣುತ್ತದೆ. "ಶೇ. 70 ದಾಟಿದರೆ ಅಪ್‌ಗ್ರೇಡ್‌ಗೆ ಬರೆಯಿರಿ" ಅಂತ ಸೀನಿಯರ್‌ಗಳು ಹೇಳುತ್ತಾರಲ್ಲ, ಅದರ ಮೂಲ ಇದೇ.

ಸಾಲು ಉಕ್ಕಿದರೆ ಏನಾಗುತ್ತದೆ ಅನ್ನುವುದಕ್ಕೆ ದೊಡ್ಡ ಉದಾಹರಣೆ 1986ರ ಅಕ್ಟೋಬರ್. ಕ್ಯಾಲಿಫೋರ್ನಿಯಾದ ಲಾರೆನ್ಸ್ ಬರ್ಕ್ಲಿ ಲ್ಯಾಬ್ ಮತ್ತು ಬರ್ಕ್ಲಿ ವಿಶ್ವವಿದ್ಯಾಲಯದ ನಡುವೆ ದೂರ ಬರೀ 400 ಗಜ. ಅವೆರಡರ ನಡುವಿನ ವೇಗ 32 ಕೆಬಿಪಿಎಸ್‌ನಿಂದ 40 ಬಿಪಿಎಸ್‌ಗೆ ಇಳಿದುಹೋಯಿತು. ಕಿಲೋ ಇಲ್ಲ, ಬರೀ 40 ಬಿಟ್. ಯಾವ ಕೇಬಲ್ಲೂ ತುಂಡಾಗಿರಲಿಲ್ಲ. ಕ್ಯೂ ತುಂಬಿ ಪ್ಯಾಕೆಟ್ ಬಿದ್ದುಹೋಗುತ್ತಿದ್ದವು. ಕಳಿಸಿದವರು ಅದನ್ನೇ ಮತ್ತೆ ಕಳಿಸುತ್ತಿದ್ದರು, ಕ್ಯೂ ಇನ್ನಷ್ಟು ತುಂಬುತ್ತಿತ್ತು. ಲಾರೆನ್ಸ್ ಬರ್ಕ್ಲಿ ಲ್ಯಾಬಿನ ವ್ಯಾನ್ ಜೇಕಬ್ಸನ್ ಇದರ ಬೆನ್ನು ಹತ್ತಿ ಟಿಸಿಪಿಗೆ ಸ್ಲೋ ಸ್ಟಾರ್ಟ್ (ಕಡಿಮೆಯಿಂದ ಶುರುಮಾಡಿ ಏರಿಸುವುದು), ಕಂಜೆಷನ್ ಅವಾಯ್ಡೆನ್ಸ್ (ದಟ್ಟಣೆ ತಪ್ಪಿಸುವುದು) ಎಲ್ಲ ಸೇರಿಸಿದರು. 1988ರಲ್ಲಿ ಅದರ ಪ್ರಬಂಧ ಬಂತು. ಇವತ್ತು ಲಿನಕ್ಸ್‌ನಲ್ಲಿ ಡಿಫಾಲ್ಟ್ ಆಗಿರುವ ಕ್ಯೂಬಿಕ್, 2016ರಲ್ಲಿ ಗೂಗಲ್ ಹೊರಗೆ ತಂದ ಬಿಬಿಆರ್, ಎಲ್ಲವೂ ಅದೇ ಪ್ರಶ್ನೆಗೆ ಬೇರೆ ಬೇರೆ ಉತ್ತರಗಳು: ಎಷ್ಟು ವೇಗದಲ್ಲಿ ಕಳಿಸಲಿ, ಯಾವಾಗ ಕಡಿಮೆ ಮಾಡಲಿ?

ಭಯಕ್ಕೆ ಬರೋಣ. ಪಿಯುಸಿ ಮಟ್ಟದ ಪ್ರಾಬಬಿಲಿಟಿ ಗಟ್ಟಿ ಇದ್ದರೆ ಉಳಿದದ್ದು ಕಲಿಯಬಹುದು. ಪ್ರೂಫ್ ಬಾಯಿಪಾಠ ಮಾಡಿ ಪಾಸಾಗುವವರು ಪ್ರತಿ ಬ್ಯಾಚಿನಲ್ಲೂ ಇರುತ್ತಾರೆ. ಅವರಿಗೆ ಸಿಗುವುದು ಮಾರ್ಕ್ಸ್ ಕಾರ್ಡ್ ಮಾತ್ರ. ಪೈಥಾನ್‌ನಲ್ಲಿ ಇಪ್ಪತ್ತು ಸಾಲಿನ ಕ್ಯೂ ಸಿಮ್ಯುಲೇಷನ್ ಬರೆದು, ಮೇಲೆ ಕೊಟ್ಟ ಅಂಕಿಗಳು ಬರುತ್ತವಾ ನೋಡಿ. ಭಯ ಅರ್ಧ ಇಳಿಯುತ್ತದೆ.

ಪ್ರಶ್ನೆ: ಒಂದು ಕಾಲೇಜಿನಲ್ಲಿ "ಡಿಜಿಟಲ್ ಕಮ್ಯುನಿಕೇಷನ್ ಅಂಡ್ ನೆಟ್‌ವರ್ಕಿಂಗ್" ಅಂತಿದೆ, ಇನ್ನೊಂದರಲ್ಲಿ "ಕಂಪ್ಯೂಟರ್ ನೆಟ್‌ವರ್ಕ್ ಇಂಜಿನಿಯರಿಂಗ್" ಅಂತಿದೆ. ಎರಡೂ ಒಂದೇನಾ?

ಉತ್ತರ: ಸಾಮಾನ್ಯವಾಗಿ ಮೊದಲನೆಯದು ಇಸಿ ವಿಭಾಗದ್ದು, ಎರಡನೆಯದು ಸಿಎಸ್ (ಕಂಪ್ಯೂಟರ್ ಸೈನ್ಸ್) ಅಥವಾ ಐಎಸ್ (ಇನ್ಫರ್ಮೇಷನ್ ಸೈನ್ಸ್) ವಿಭಾಗದ್ದು. ಮೊದಲನೆಯದರಲ್ಲಿ ತಂತಿ ಮತ್ತು ಗಾಳಿಯ ಮೇಲೆ ಬಿಟ್ ಹೇಗೆ ಹೋಗುತ್ತದೆ ಅನ್ನುವುದು ಜಾಸ್ತಿ: ಮಾಡ್ಯುಲೇಷನ್, ಕೋಡಿಂಗ್, ಲೈನಿನ ಗರಿಷ್ಠ ವೇಗ ಹೇಳುವ ಶಾನನ್ ಸೂತ್ರ. ಹಳೇ ಟೆಲಿಫೋನ್ ಲೈನಿನ ಬ್ಯಾಂಡ್‌ವಿಡ್ತ್ 3,100 ಹರ್ಟ್ಜ್, ಸಿಗ್ನಲ್-ನಾಯ್ಸ್ ಅನುಪಾತ 30 ಡಿಬಿ ಅಂತ ಇಟ್ಟುಕೊಂಡು ಶಾನನ್ ಸೂತ್ರಕ್ಕೆ ಹಾಕಿದರೆ ಸುಮಾರು 31 ಕೆಬಿಪಿಎಸ್ ಬರುತ್ತದೆ, ನಾಯ್ಸ್ ಕಡಿಮೆ ಇದ್ದರೆ ಸ್ವಲ್ಪ ಹೆಚ್ಚು. ಡಯಲ್-ಅಪ್ ಮೋಡೆಮ್‌ಗಳು 33.6ರ ಆಸುಪಾಸಿನಲ್ಲಿ ಏದುಸಿರು ಬಿಟ್ಟಿದ್ದು ಅದಕ್ಕೇ. ಮುಂದೆ 56 ಕೆಬಿಪಿಎಸ್ ಬಂದದ್ದು ಎಕ್ಸ್‌ಚೇಂಜ್ ಕಡೆಯ ಅರ್ಧ ದಾರಿ ಡಿಜಿಟಲ್ ಆಗಿದ್ದರಿಂದ, ಅದೂ ಡೌನ್‌ಲೋಡ್‌ಗೆ ಮಾತ್ರ.

ಎರಡನೆಯದರಲ್ಲಿ ರೂಟಿಂಗ್, ಟ್ರಾನ್ಸ್‌ಪೋರ್ಟ್, ಸೆಕ್ಯುರಿಟಿ, ಎಸ್‌ಡಿಎನ್ (ಸಾಫ್ಟ್‌ವೇರ್‌ನಿಂದ ನೆಟ್‌ವರ್ಕ್ ನಿಯಂತ್ರಣ), ಪ್ರೋಗ್ರಾಮಿಂಗ್ ಹೆಚ್ಚು. ಇಸಿಯಿಂದ ಬಂದವರು ಸಿ ಭಾಷೆ, ಸಾಕೆಟ್ ಪ್ರೋಗ್ರಾಮಿಂಗ್‌ನಲ್ಲಿ ಎಡವುತ್ತಾರೆ. ಸಿಎಸ್‌ನವರು ಸಿಗ್ನಲ್‌ಗೆ ಬಳಸುವ ಫೋರಿಯರ್ ಗಣಿತ ನೋಡಿ ಬೆವರುತ್ತಾರೆ. ಹೆಸರು ಬಿಡಿ, ಸಿಲಬಸ್ ಪಿಡಿಎಫ್ ತೆಗೆದು ಲ್ಯಾಬ್ ಏನಿದೆ ನೋಡಿ. ಲ್ಯಾಬ್‌ನಲ್ಲಿ ಬರೀ ಸಿದ್ಧ ಪ್ರೋಗ್ರಾಂ ಓಡಿಸಿ ಔಟ್‌ಪುಟ್ ಅಂಟಿಸುವುದಾದರೆ ಬೇರೆ ಕಾಲೇಜು ನೋಡಿ.

ಪ್ರಶ್ನೆ: ಎಲ್ಲಾ ಕ್ಲೌಡ್ ಆಗಿದೆ, ಎಐ ಬಂದಿದೆ. ಇನ್ನು ನೆಟ್‌ವರ್ಕಿಂಗ್‌ಗೆ ಭವಿಷ್ಯ ಇದೆಯಾ?

ಉತ್ತರ: ಕಮಾಂಡ್ ಹಾಕುವ ಕೆಲಸ ಕಡಿಮೆ ಆಗುತ್ತಿದೆ, ನಿಜ. ಆದರೆ ಕ್ಲೌಡ್ ಅಂದರೆ ಬೇರೆಯವರ ನೆಟ್‌ವರ್ಕ್. ಅದನ್ನು ಕಟ್ಟುವವರು ಬೇಕಲ್ವಾ? ದೊಡ್ಡ ಎಐ ಮಾಡೆಲ್ ತರಬೇತಿಯಲ್ಲಿ ಸಾವಿರಾರು ಜಿಪಿಯುಗಳು ಒಂದಕ್ಕೊಂದು ಡೇಟಾ ಕಳಿಸುತ್ತಾ ಕಾಯುತ್ತಿರುತ್ತವೆ. ಒಂದು ಲಿಂಕ್ ತಡವಾದರೆ ಉಳಿದವೆಲ್ಲ ಸುಮ್ನೆ ಕೂರುತ್ತವೆ. ಬೆಂಗಳೂರಿನಲ್ಲೇ ಸಿಸ್ಕೊ, ನೋಕಿಯಾ, ಎರಿಕ್ಸನ್‌ನಂಥವರ ಡೆವಲಪ್‌ಮೆಂಟ್ ಕೇಂದ್ರಗಳಿವೆ. ಇಂಥ ಕಡೆ ಸಿ, ಲಿನಕ್ಸ್, ಟಿಸಿಪಿ ಒಳಗಿನ ನಡೆ ಗೊತ್ತಿದ್ದರೆ ಇಂಟರ್‌ವ್ಯೂನಲ್ಲಿ ಮಾತಾಡಲು ಏನಾದರೂ ಇರುತ್ತದೆ.

ಪ್ರಶ್ನೆ: ನಾನು ಮೂರನೇ ಸೆಮಿಸ್ಟರ್. ಪ್ರಾಜೆಕ್ಟ್‌ಗೆ ಟಾಪಿಕ್ ಹೇಳಿ ಸರ್. ಗೈಡ್ ಸೆನ್ಸರ್ ನೆಟ್‌ವರ್ಕ್‌ನಲ್ಲಿ ಏನಾದರೂ ಮಾಡು ಅಂತಾರೆ.

ಉತ್ತರ: ಸೆನ್ಸರ್ ನೆಟ್‌ವರ್ಕ್ ರೂಟಿಂಗ್, ಎನ್‌ಎಸ್-3 ಸಿಮ್ಯುಲೇಟರಿನಲ್ಲಿ ನಾಲ್ಕು ಗ್ರಾಫ್, "ಪ್ರಸ್ತಾಪಿತ ವಿಧಾನ ಉತ್ತಮ" ಅಂತ ಒಂದು ಸಾಲು. ಇಂಥ ಥೀಸಿಸ್ ಓದಿ ಓದಿ ನನಗೆ ಸಾಕಾಗಿದೆ. ನಿಜವಾದ ನೆಟ್‌ವರ್ಕ್ ಅಳೆಯಿರಿ. ಬೆಂಗಳೂರಿನಲ್ಲಿ ಇಂಟರ್ನೆಟ್ ಕಂಪನಿಗಳು ಟ್ರಾಫಿಕ್ ಅದಲುಬದಲು ಮಾಡಿಕೊಳ್ಳುವ ನಿಕ್ಸಿ ಎಕ್ಸ್‌ಚೇಂಜ್ ಇದೆ. ನಿಮ್ಮ ಊರಿನ ಎರಡು ಇಂಟರ್ನೆಟ್ ಕಂಪನಿಗಳ ನಡುವಿನ ಪ್ಯಾಕೆಟ್ ಅಲ್ಲೇ ತಿರುಗುತ್ತದಾ, ಚೆನ್ನೈ, ಮುಂಬೈ ಸುತ್ತಿ ಬರುತ್ತದಾ? ಪ್ಯಾಕೆಟ್ ಹೋಗುವ ದಾರಿ ತೋರಿಸುವ ಟ್ರೇಸ್‌ರೂಟ್ ಹಾಕಿ, ಹಗಲು ರಾತ್ರಿ ದಾಖಲಿಸಿ. ಬೆಳಕು ಫೈಬರಿನಲ್ಲಿ ಸೆಕೆಂಡಿಗೆ ಸುಮಾರು 2 ಲಕ್ಷ ಕಿ.ಮೀ. ಹೋಗುತ್ತದೆ. ಅದರಿಂದ ದೂರದ ಲೆಕ್ಕ ಹಾಕಿ, ಬಂದ ಸಮಯಕ್ಕೆ ಹೋಲಿಸಿ. ಅಥವಾ ಒಂದೇ ಸರ್ವರ್‌ಗೆ ಹಳೇ ವಿಳಾಸ ಪದ್ಧತಿ ಐಪಿವಿ4, ಹೊಸ ಪದ್ಧತಿ ಐಪಿವಿ6 ಎರಡರಲ್ಲೂ ಹೋಗಿ ಯಾವುದು ಯಾವಾಗ ತಡ ನೋಡಿ. ಕ್ಯೂಬಿಕ್ ಮತ್ತು ಬಿಬಿಆರ್ ಒಂದೇ ಲಿಂಕ್ ಹಂಚಿಕೊಂಡಾಗ ಯಾರು ಎಷ್ಟು ನುಂಗುತ್ತಾರೆ ಅನ್ನುವುದನ್ನು ನಕಲಿ ನೆಟ್‌ವರ್ಕ್ ಕಟ್ಟಿಕೊಡುವ ಮಿನಿನೆಟ್ ಹಾಕಿ ಲ್ಯಾಪ್‌ಟಾಪ್‌ನಲ್ಲೇ ಮಾಡಬಹುದು. ಗೈಡ್‌ಗೆ ಅಂಕಿ ತೋರಿಸಿ ಕೇಳಿದರೆ ಹೆಚ್ಚಿನವರು ಒಪ್ಪುತ್ತಾರೆ.

ಪ್ರಶ್ನೆ: ಸರ್, ದುಡ್ಡಿನ ವಿಷಯ. ರಾಷ್ಟ್ರಮಟ್ಟದ ಗೇಟ್ ಪರೀಕ್ಷೆ ಇಲ್ಲದೆ ಎಂ.ಟೆಕ್ ಸೇರಬಹುದಾ? ಕೆಲಸ ಮಾಡುತ್ತಲೇ ಓದಬಹುದಾ?

ಉತ್ತರ: ರಾಜ್ಯದ ಪ್ರವೇಶ ಪರೀಕ್ಷೆ ಪಿಜಿಸಿಇಟಿ ಬರೆದೂ ಸೀಟು ಸಿಗುತ್ತದೆ. ಆದರೆ ತಾಂತ್ರಿಕ ಶಿಕ್ಷಣ ಮಂಡಳಿ ಎಐಸಿಟಿಇ ಕೊಡುವ ತಿಂಗಳಿಗೆ ₹12,400 ವಿದ್ಯಾರ್ಥಿವೇತನ ಸಿಗುವುದು ಗೇಟ್ ಅರ್ಹತೆ ಇರುವ ಪೂರ್ಣಾವಧಿ ವಿದ್ಯಾರ್ಥಿಗಳಿಗೆ, ಅದೂ ಮಾನ್ಯತೆ ಇರುವ ಕಾಲೇಜಿನಲ್ಲಿ, ಹೆಚ್ಚೆಂದರೆ 24 ತಿಂಗಳು. ಗೇಟ್ ಸ್ಕೋರ್ ಮೂರು ವರ್ಷ ನಡೆಯುತ್ತದೆ. ಹಾಗಾಗಿ ಕೆಲಸದಲ್ಲಿರುವಾಗಲೇ ಬರೆದಿಟ್ಟುಕೊಳ್ಳಿ, ರಾಜೀನಾಮೆ ಆಮೇಲೆ. ಆನ್‌ಲೈನ್ ಪಾಠಗಳ ತಾಣ ಎನ್‌ಪಿಟೆಲ್‌ನಲ್ಲಿ ಐಐಟಿಗಳ ನೆಟ್‌ವರ್ಕ್ಸ್ ಕೋರ್ಸ್ ಉಚಿತವಾಗಿ ಸಿಗುತ್ತದೆ, ಮೊದಲು ಅದೊಂದನ್ನು ಅಸೈನ್‌ಮೆಂಟ್ ಸಮೇತ ಮುಗಿಸಿ ನೋಡಿ.

ಇನ್ನು ಕೆಲಸದ ಜೊತೆ ಓದುವುದು. ಶಿಫ್ಟ್ ಇದ್ದರೆ ನಾನಂತೂ ಬೇಡ ಅನ್ನುತ್ತೇನೆ. ಹಗಲು ಪಾಳಿ ಸಿಗುವ ಹಾಗಿದ್ದರೆ ವೀಕೆಂಡ್ ಕೋರ್ಸ್ ಆಗಬಹುದು. ಆದರೆ ಲ್ಯಾಬ್‌ಗೆ ಹೋಗಲೇಬೇಕಾ, ವಿಡಿಯೋದಲ್ಲೇ ಮುಗಿಸುತ್ತಾರಾ ಅಂತ ಫೀಸ್ ಕಟ್ಟುವ ಮುಂಚೆ ಕೇಳಿ.