ಚಿಕ್ಕಮ್ಮ, ಆ ಗಾಂಜಾ ಎಣ್ಣೆ ವಿಷಯ

ಚಿಕ್ಕಮ್ಮ, ಮಂಡ್ಯದಿಂದ ನೀವು ರಾತ್ರಿ ಕಳ್ಸಿದ್ದು ಕೇಳಿದೆ. ಸಿಬಿಡಿ (ಗಾಂಜಾದಲ್ಲಿರೋ, ಅಮಲೇರಿಸದ ಅಂಶ) ಎಣ್ಣೇಲಿ ಅಲ್ಸರೇಟಿವ್ ಕೊಲೈಟಿಸ್, ಅಂದ್ರೆ ದೊಡ್ಡ ಕರುಳಲ್ಲಿ ಹುಣ್ಣಾಗೋ ಕಾಯಿಲೆ, ವಾಸಿಯಾಗುತ್ತೆ ಅಂತ ವಿಡಿಯೋದಲ್ಲಿ ಹೇಳಿದ್ರಂತೆ, ಮಧುಗೆ ಕರುಳಿನ ಉರಿಯೂತದ ಮೆಸಲಮಿನ್ ಮಾತ್ರೆ ಬಿಡ್ಸಿ ಅದನ್ನೇ ಕೊಡೋಣ್ವಾ ಅಂದ್ರಲ್ಲ, ದಯವಿಟ್ಟು ಮಾತ್ರೆ ಬಿಡಿಸ್ಬೇಡಿ. ಇವತ್ತಿಂದೂ ನುಂಗ್ಲಿ.

ಗಾಂಜಾ ಗಿಡದಲ್ಲಿ ಗುಣವೇ ಇಲ್ಲ ಅಂತಲ್ಲ. ಅದರಲ್ಲಿರೋ ಅಮಲೇರಿಸೋ ಅಂಶ ಟಿಎಚ್‌ಸಿ ಕರುಳಿನ ನರಗಳನ್ನ ಹಿಡಿದು ಅದರ ಓಟ ತಗ್ಗಿಸುತ್ತೆ. ನೋವು ಕಮ್ಮಿ ಆಗುತ್ತೆ, ಹಸಿವು, ನಿದ್ದೆ ಬರುತ್ತೆ. ಇಸ್ರೇಲಿನಲ್ಲಿ 2013ರಲ್ಲಿ 21 ಜನ ಕ್ರೋನ್ಸ್ (ಕರುಳಿನ ಉರಿಯೂತದ ಇನ್ನೊಂದು ಕಾಯಿಲೆ) ರೋಗಿಗಳನ್ನ 8 ವಾರ ನೋಡಿದ್ರು. ಗಾಂಜಾ ಸೇದಿದ 11 ಜನರಲ್ಲಿ 10 ಜನಕ್ಕೆ ಹಗುರಾಯ್ತು, ಆದ್ರೆ ಉರಿಯೂತ ತೋರ್ಸೋ ಸಿಆರ್‌ಪಿ ಇಳೀಲಿಲ್ಲ. ಮಧುಗಿರೋ ಕಾಯಿಲೆಗೇ 60 ಜನರ ಮೇಲೆ ಮಾಡಿದ ಪ್ರಯೋಗ 2018ರಲ್ಲಿ ಬಂತು. ಸಿಬಿಡಿ ಸಾರ ತಗೊಂಡವರಲ್ಲಿ ಶೇ. 28, ಔಷಧಿ ಇಲ್ಲದ ಖಾಲಿ ಕ್ಯಾಪ್ಸೂಲ್ ನುಂಗಿದವರಲ್ಲಿ ಶೇ. 26 ಜನಕ್ಕೆ ಕಾಯಿಲೆ ಹತೋಟಿಗೆ ಬಂತು. ಅದೂ ಮೆಸಲಮಿನ್ ಜಾತಿ ಮಾತ್ರೆ ಬಿಡದೇನೇ.

ನನ್ನ ಭಯ ಇಷ್ಟೇ: ನೋವು ನಿಂತ್ರೆ ಹುಣ್ಣು ಮಾಯ್ತು ಅಂದ್ಕೋತೀವಿ, ಒಳಗೆ ರಕ್ತ ಜಿನುಗ್ತಾನೇ ಇರುತ್ತೆ. ಮಾಯ್ತೋ ಇಲ್ವೋ ಅಂತ ತಿಳಿಯೋಕೆ ಮಲದಲ್ಲಿ ಕರುಳಿನ ಉರಿಯೂತ ತೋರ್ಸೋ ಕ್ಯಾಲ್‌ಪ್ರೊಟೆಕ್ಟಿನ್ ಟೆಸ್ಟ್ ಮಾಡ್ಸಿ. ಬೆಳಗ್ಗೆ ಮೊದಲ ಸಲದ್ದು ಡಬ್ಬಿಗೆ ತಗೊಳ್ಳಿ, ನೀರು, ಮೂತ್ರ ಸೇರಬಾರದು. ಐಬುಪ್ರೊಫೆನ್, ಡೈಕ್ಲೋಫೆನಾಕ್ ಥರ ನೋವಿನ ಮಾತ್ರೆ ನುಂಗಿದ್ರೆ ಅಂಕಿ ಏರುತ್ತೆ, ಕರುಳಿಗೂ ಅವು ಒಗ್ಗಲ್ಲ. 50ರ ಒಳಗಿದ್ರೆ ಚೆನ್ನ, 250 ದಾಟಿದ್ರೆ ಒಳಗೆ ಇನ್ನೂ ಉರೀತಿದೆ.

ಇನ್ನು ನೀವು ಹಾಕಿದ ಫೋಟೋ. ಲೇಬಲ್ ಮೇಲೆ ಹೆಂಪ್ ಸೀಡ್ ಆಯಿಲ್ ಅಂತಿದೆ ನೋಡಿ. ಅದು ಗಾಂಜಾ ಗಿಡದ ಬೀಜದ ಎಣ್ಣೆ, ಎಳ್ಳೆಣ್ಣೆ ಥರ ತಿನ್ನೋದಕ್ಕೆ, ಸಿಬಿಡಿ ಅದರಲ್ಲಿ ಇಲ್ಲದ ಲೆಕ್ಕ. ಎಲೆಯ ಸಾರದ್ದು ಆಯುರ್ವೇದದಲ್ಲಿ ‘ವಿಜಯಾ’ ಅಂತ ಬರುತ್ತೆ, ಅದಕ್ಕೆ ವೈದ್ಯರ ಚೀಟಿ ಬೇಕು. ಅದನ್ನೇ ತಂದ್ರೂ ಲೆಕ್ಕ ಹಾಕಿ: 30 ಎಂಎಲ್ ಬಾಟಲಿಯಲ್ಲಿ 1000 ಮಿಲಿಗ್ರಾಂ ಅಂದ್ರೆ ಎಂಎಲ್‌ಗೆ 33, ಎಂಎಲ್‌ಗೆ 20 ಹನಿ. ವಿಡಿಯೋದವರು ಹೇಳೋ 5 ಹನಿಗೆ 8 ಮಿಲಿಗ್ರಾಂ ಬಂತು. ಆ 60 ಜನರ ಪ್ರಯೋಗದಲ್ಲಿ ಒಂದು ಹೊತ್ತಿಗೆ 250ರ ತನಕ ಏರ್ಸಿದ್ರು, ತಲೆ ಸುತ್ತು ಬಂದು ಎಷ್ಟೋ ಜನಕ್ಕೆ ತಡಕೊಳ್ಳೋಕಾಗ್ಲಿಲ್ಲ. ಮಧು ರೋಗನಿರೋಧಕ ಶಕ್ತಿ ತಗ್ಗಿಸೋ ಅಜಾಥಿಯೋಪ್ರಿನ್ ಮಾತ್ರೆ ಬೇರೆ ತಗೋತಾನೆ. ಅದೂ ಸಿಬಿಡಿನೂ ಎರಡೂ ಲಿವರ್ ಮೇಲೆ ಭಾರ ಹಾಕ್ತವೆ. ಹಂಗಾಗಿ ಹೊಟ್ಟೆ ಡಾಕ್ಟ್ರಿಗೆ ಹೇಳ್ದೆ ಒಂದು ಹನಿನೂ ಬೇಡ.

ರಕ್ತದ ಜೊತೆ ದಿನಕ್ಕೆ ಆರು ಸಲ ಹೋಗಿ, ಜ್ವರ ಬಂದ್ರೆ, ಇಲ್ಲಾ ಸುಮ್ನೆ ಕೂತಿದ್ದಾಗ್ಲೂ ನಾಡಿ 90 ದಾಟಿದ್ರೆ ಬೆಳಗಾಗ್ಲಿ ಅಂತ ಕಾಯಬೇಡಿ, ಆವಾಗ್ಲೇ ಮೈಸೂರಿಗೆ ಕರ್ಕೊಂಡ್ ಬಂದ್ಬಿಡಿ.