ಲ್ಯಾಬ್ ಸಾಫ್ಟ್‌ವೇರ್ 'ರೀಕಾಲ್' ಆದಾಗ ಕನ್ನಡದಲ್ಲಿ ಏನೆಂದು ಬರೆಯುವುದು?

ಗೆಳೆಯರೇ, ಒಂದು ಪದದ ಬಗ್ಗೆ ನಿಮ್ಮ ಅಭಿಪ್ರಾಯ ಬೇಕು. ರಕ್ತ ಪರೀಕ್ಷೆಯ ಲ್ಯಾಬ್‌ಗಳಲ್ಲಿ ಸ್ಯಾಂಪಲ್‌ಗೆ ಲೇಬಲ್ ಮುದ್ರಿಸುವ ಸಾಫ್ಟ್‌ವೇರ್ ಒಬ್ಬರ ಟ್ಯೂಬಿಗೆ ಇನ್ನೊಬ್ಬರ ಹೆಸರು ಹಾಕಬಹುದು ಎಂದು ಗೊತ್ತಾದರೆ, ತಯಾರಕರು ರೀಕಾಲ್ ಹೊರಡಿಸುತ್ತಾರೆ. ಇದನ್ನು ನಾವು ಸಾಮಾನ್ಯವಾಗಿ 'ಹಿಂಪಡೆದರು', 'ವಾಪಸ್ ಕರೆಸಿಕೊಂಡರು' ಎಂದು ಬರೆಯುತ್ತೇವೆ. ಕಾರಿಗೆ, ಮಾತ್ರೆಗೆ ಅದು ಸರಿ. ಇಲ್ಲಿ ಅದು ಓದುಗರನ್ನು ದಾರಿ ತಪ್ಪಿಸುತ್ತದೆ.

ಯಾಕೆಂದರೆ ಏನೂ ವಾಪಸ್ ಹೋಗುವುದಿಲ್ಲ. ಔಷಧ, ವೈದ್ಯಕೀಯ ಉಪಕರಣಗಳ ಮೇಲೆ ನಿಗಾ ಇಡುವ ಅಮೆರಿಕದ ಸರ್ಕಾರಿ ಸಂಸ್ಥೆ ಎಫ್‌ಡಿಎ ಲೆಕ್ಕದಲ್ಲಿ ಉಪಕರಣವನ್ನು ಬಳಸುವ ಜಾಗದಿಂದ ತೆಗೆಯುವುದೂ ರೀಕಾಲೇ, ಇದ್ದಲ್ಲೇ ಸರಿಪಡಿಸುವುದೂ ರೀಕಾಲೇ. ಸಾಫ್ಟ್‌ವೇರ್ ವಿಷಯದಲ್ಲಿ ಹೆಚ್ಚಾಗಿ ನಡೆಯುವುದು ಎರಡನೆಯದು: ಲ್ಯಾಬ್‌ಗೆ ಪತ್ರ ಬರುತ್ತದೆ, ತಿದ್ದಿದ ಆವೃತ್ತಿ ಬರುವ ತನಕ ಇಂಥ ಸೌಲಭ್ಯ ಬಳಸಬೇಡಿ ಅಥವಾ ಪ್ರತಿ ಲೇಬಲನ್ನೂ ಕಣ್ಣಿಂದ ನೋಡಿ ತಾಳೆ ಹಾಕಿ ಎನ್ನುತ್ತದೆ, ಕೆಲವೊಮ್ಮೆ ಹಳೆಯ ವರದಿಗಳನ್ನೂ ಮತ್ತೆ ಪರಿಶೀಲಿಸಲು ಹೇಳುತ್ತದೆ. 'ಹಿಂಪಡೆಯಲಾಗಿದೆ' ಎಂದು ಓದಿದವರು ದೋಷ ಇದ್ದ ವಸ್ತು ಹೋಯಿತು, ಮುಗಿಯಿತು ಅಂದುಕೊಳ್ಳುತ್ತಾರೆ. ಅದು ಇನ್ನೂ ಅಲ್ಲೇ ಓಡುತ್ತಿರುತ್ತದೆ, ಅಲ್ವಾ?

ಹಾಗಂತ 'ಅಪ್‌ಡೇಟ್' ಎಂದರೆ ತೀರಾ ಹಗುರ. ಎಫ್‌ಡಿಎ ರೀಕಾಲ್‌ಗಳನ್ನು 3 ವರ್ಗ ಮಾಡುತ್ತದೆ. ಜೀವಕ್ಕೆ ಅಥವಾ ಆರೋಗ್ಯಕ್ಕೆ ಗಂಭೀರ ಅಪಾಯ ಆಗುವ ಸಾಧ್ಯತೆ ಇದ್ದರೆ ಅದು 1ನೇ ವರ್ಗ. 'ಸುರಕ್ಷತಾ ಎಚ್ಚರಿಕೆ' ಎಂದರೆ ಎಚ್ಚರಿಸಿದ್ದು ಗೊತ್ತಾಗುತ್ತದೆ, ಸರಿಪಡಿಸುವ ಹೊಣೆ ಯಾರದು ಅನ್ನುವುದು ಬಿಟ್ಟುಹೋಗುತ್ತದೆ. ನನಗೆ ಸದ್ಯಕ್ಕೆ ಸರಿ ಕಾಣುವುದು ರೀಕಾಲ್ ಪದವನ್ನೇ ಇಟ್ಟುಕೊಂಡು ಬಗೆಯನ್ನು ಕನ್ನಡದಲ್ಲಿ ಹೇಳುವುದು: 'ಸ್ಥಳದಲ್ಲೇ ಸರಿಪಡಿಸುವ ರೀಕಾಲ್', 'ವಾಪಸ್ ಕಳಿಸುವ ರೀಕಾಲ್'. ಸ್ವಲ್ಪ ಉದ್ದ, ಆದರೆ ಏನು ಮಾಡಬೇಕು ಅನ್ನುವುದು ಪದದಲ್ಲೇ ಇದೆ.

ಇನ್ನೊಂದು, 'ಲೇಬಲ್ ತಪ್ಪು'. ಇದನ್ನು ಕೇಳಿದರೆ ರಕ್ತ ತೆಗೆದವರು ಚೀಟಿ ತಪ್ಪಾಗಿ ಅಂಟಿಸಿದರು ಅನಿಸುತ್ತದೆ. ಸಾಫ್ಟ್‌ವೇರ್ ದೋಷದಲ್ಲಿ ಅಂಟಿಸಿದವರದ್ದು ಏನೂ ತಪ್ಪಿರುವುದಿಲ್ಲ. ಲೇಬಲ್ ಮೇಲೆ ಹೆಸರು ಸರಿಯಾಗಿಯೇ ಇದ್ದು ಬಾರ್‌ಕೋಡ್ ಮಾತ್ರ ಬೇರೆ ಸಂಖ್ಯೆಯಾಗಿ ಓದಿಕೊಳ್ಳುವುದೂ ಉಂಟು: 'ಇಂಟರ್‌ಲೀವ್ಡ್ 2 ಆಫ್ 5' ಬಗೆಯ ಕೋಡನ್ನು ಸ್ಕ್ಯಾನರ್ ಅರ್ಧಂಬರ್ಧ ಓದಿದರೂ ಕೆಲವೊಮ್ಮೆ ಒಂದು ಚಿಕ್ಕ, ಸರಿಯೆಂದೇ ಕಾಣುವ ಸಂಖ್ಯೆ ಸಿಕ್ಕಿಬಿಡುತ್ತದೆ. ಕಣ್ಣಿಗೆ ಎಲ್ಲ ಸರಿ, ಯಂತ್ರಕ್ಕೆ ಬೇರೆ ರೋಗಿ. ಹಾಗಾಗಿ 'ಗುರುತು ಅದಲುಬದಲು' ಹೆಚ್ಚು ನಿಜ ಅನಿಸುತ್ತದೆ. ಫಲಿತಾಂಶ ಅದಲುಬದಲಾದರೆ ತೊಂದರೆ ಇಬ್ಬರಿಗೆ: ಒಬ್ಬರಿಗೆ ಬೇಡದ ಚಿಕಿತ್ಸೆ, ಇನ್ನೊಬ್ಬರಿಗೆ ಬೇಕಾದ ಚಿಕಿತ್ಸೆ ಇಲ್ಲ. ರಕ್ತದ ಗುಂಪಿನ ಪರೀಕ್ಷೆಯಲ್ಲಾದರೆ ಪ್ರಾಣಕ್ಕೇ ಕುತ್ತು. ಆ ಎರಡನೇ ವ್ಯಕ್ತಿ 'ಲೇಬಲ್ ತಪ್ಪು' ಅನ್ನುವುದರಲ್ಲಿ ಕಾಣುವುದೇ ಇಲ್ಲ.

'ಸ್ಯಾಂಪಲ್' ಅನ್ನು ಹಾಗೇ ಬಿಟ್ಟಿದ್ದೇನೆ. 'ಮಾದರಿ' ಅಂದರೆ ಸಾಫ್ಟ್‌ವೇರಿನ ಮಾಡೆಲ್ ಎಂದೂ ಓದಿಕೊಳ್ಳಬಹುದು.

ಲ್ಯಾಬ್‌ನಲ್ಲಿ ಕೆಲಸ ಮಾಡುವವರು ಯಾರಾದರೂ ಇದ್ದರೆ, ಇಂಥ ಪತ್ರ ಬಂದಾಗ ನೀವು ನಿಮ್ಮ ನಿಮ್ಮಲ್ಲಿ ಕನ್ನಡದಲ್ಲಿ ಏನೆಂದು ಮಾತಾಡಿಕೊಳ್ಳುತ್ತೀರಿ? 'ಅದಲುಬದಲು' ಬಳಕೆಯಲ್ಲಿದೆಯೇ, ಅಥವಾ ಅದಕ್ಕಿಂತ ಒಳ್ಳೆಯ ಪದ ಇದೆಯೇ?