ಫರ್ಮ್‌ವೇರ್ ಅಪ್‌ಡೇಟ್ ಹಾಕಿದರೆ ರೇಂಜ್‌ಫೈಂಡರ್ ಫೋಕಸ್ ಸರಿಹೋಗುತ್ತಾ?

ಜೋಗಿಮಟ್ಟಿ_ಗಾಳಿ (ಚಿತ್ರದುರ್ಗ)

ಎಲ್ಲರಿಗೂ ನಮಸ್ಕಾರ. ನನ್ನ ಕೈಗೆ ಈಗ ಒಂದು ಲೈಕಾ ಎಂ11 ಬಂದಿದೆ. ಇದು ರೇಂಜ್‌ಫೈಂಡರ್ ಕ್ಯಾಮೆರಾ, ಅಂದರೆ ನೋಡುವ ಕಿಟಕಿಯ ನಡುವಿನ ಚೌಕದಲ್ಲಿ ಕಾಣುವ ಎರಡು ಬಿಂಬ ಒಂದಾಗುವವರೆಗೆ ಲೆನ್ಸ್ ತಿರುಗಿಸಿ ನಾವೇ ಫೋಕಸ್ ಮಾಡಬೇಕು. ನಾನು ಕೊಂಡದ್ದಲ್ಲ. ಅಷ್ಟು ದುಡ್ಡಿದ್ದರೆ ಹೊಳಲ್ಕೆರೆ ರಸ್ತೆಯಲ್ಲಿ ಸೈಟಿಗೆ ಅಡ್ವಾನ್ಸ್ ಕೊಡುತ್ತಿದ್ದೆ. ನಮ್ಮ ಭಾವ ಜರ್ಮನಿಯಲ್ಲಿದ್ದಾರೆ. ಕಣ್ಣು ಮೊದಲಿನಂತಿಲ್ಲ, ಚೌಕದೊಳಗಿನ ಎರಡು ಬಿಂಬ ಕೂಡಿಸೋದು ಕಷ್ಟ ಅಂತ ಅವರು ಹೊಸ ಎಂ ಇವಿ1 ತಗೊಂಡರು. ಅದರಲ್ಲಿ ರೇಂಜ್‌ಫೈಂಡರೇ ಇಲ್ಲ, ಎಲೆಕ್ಟ್ರಾನಿಕ್ ವ್ಯೂಫೈಂಡರ್. ಹಳೇದನ್ನು ಅಕ್ಕನ ಕೈಲಿ ಕಳಿಸಿಕೊಟ್ಟರು. ಜೊತೆಗೆ ಒಂದು 35 ಎಂಎಂ ಎಫ್2 ಲೆನ್ಸ್. ನಾನು ಆಸೆಗೆ ಬಿದ್ದು ಚೀನಾದ ಒಂದು 50 ಎಂಎಂ ಎಫ್1.1 ಸೆಕೆಂಡ್‌ಹ್ಯಾಂಡ್ ತಗೊಂಡೆ (ಎಫ್ ಸಂಖ್ಯೆ ಚಿಕ್ಕದಾದಷ್ಟೂ ಲೆನ್ಸಿನ ಬಾಯಿ ದೊಡ್ಡದು).

ವಿಷಯಕ್ಕೆ ಬರುತ್ತೇನೆ. ನಾಯಕನಹಟ್ಟಿ ಜಾತ್ರೆಗೆ ಬೈಕಿನಲ್ಲಿ ಹೋಗಿದ್ದೆ. ಕೊಬ್ಬರಿ ಸುಡುವ ಜಾಗದಲ್ಲಿ ಒಬ್ಬ ಅಜ್ಜ ನಿಂತಿದ್ದರು, ಮುಖದ ಮೇಲೆ ಬೆಂಕಿಯ ಬೆಳಕು. ಲೆನ್ಸ್ ಪೂರ್ತಿ ತೆರೆದು, ಚೌಕದಲ್ಲಿ ಕಣ್ಣಿನ ಎರಡು ಬಿಂಬ ಒಂದಾಗುವವರೆಗೆ ತಿರುಗಿಸಿ ಹೊಡೆದೆ. ಮನೆಗೆ ಬಂದು ನೋಡಿದರೆ ಕಣ್ಣು ಮಸುಕು, ಕಿವಿ ಚೂಪು. ಹತ್ತಿರದಿಂದ ತೆಗೆದ ಎಲ್ಲ ಫೋಟೋಗಳಲ್ಲೂ ಇದೇ ಕಥೆ. ಫೋಕಸ್ ಹಿಂದಕ್ಕೆ ಬೀಳುತ್ತಿದೆ.

ಅಷ್ಟರಲ್ಲಿ ಫೋನಿನ ಆ್ಯಪು ಹೊಸ ಫರ್ಮ್‌ವೇರ್ (ಕ್ಯಾಮೆರಾದೊಳಗಿನ ಸಾಫ್ಟ್‌ವೇರ್) ಬಂದಿದೆ ಅಂತ ತೋರಿಸುತ್ತಿದೆ. ಇಲ್ಲಿ ಒಂದು ಅಂಗಡಿಯಲ್ಲಿ ಕೇಳಿದೆ. "ಸಾಫ್ಟ್‌ವೇರ್ ಹಳೇದಾಗಿದೆ ಸಾರ್, ಅಪ್‌ಡೇಟ್ ಹಾಕಿ, ಫೋಕಸ್ ತಾನೇ ಸರಿಹೋಗುತ್ತೆ" ಅಂದರು. ನಿಜವಾ? ಇನ್ನೊಂದು ಭಯ, ಅಪ್‌ಡೇಟ್ ಅರ್ಧದಲ್ಲಿರುವಾಗ ಕರೆಂಟ್ ಹೋದರೆ? ನಮ್ಮ ಏರಿಯಾ ಗೊತ್ತಲ್ವಾ.

ಕುಂದವಾಡ_ಕೆರೆ (ದಾವಣಗೆರೆ)

ಹಾಕಿಬಿಡಿ ಸರ್. ಹೊಸ ವರ್ಷನ್ ಬಂದ ಮೇಲೆ ಹಳೇದರಲ್ಲಿ ಯಾಕೆ ಇರಬೇಕು? ಕರೆಂಟ್ ಚಿಂತೆ ಬೇಡ, ಕ್ಯಾಮೆರಾ ಬ್ಯಾಟರಿಯಲ್ಲಿ ನಡೆಯುತ್ತೆ. ಫೋಕಸ್ ವಿಷಯ ನನಗೂ ಅಷ್ಟು ತಿಳಿಯದು, ಹಿರಿಯರು ಹೇಳಲಿ.

ಹಳೇಶಟರ್ (ದಾವಣಗೆರೆ)

ತಮ್ಮಾ, ಅಪ್‌ಡೇಟ್ ಹಾಕು, ಬೇಡ ಅನ್ನೋದಿಲ್ಲ. ಆದರೆ ಫೋಕಸ್ ಸರಿಹೋಗುತ್ತೆ ಅನ್ನೋ ಆಸೆಯಿಂದ ಹಾಕಬೇಡ. ಆ ಅಂಗಡಿಯವರು ಆಟೋಫೋಕಸ್ ಕ್ಯಾಮೆರಾ ಮನಸ್ಸಿನಲ್ಲಿಟ್ಟುಕೊಂಡು ಹೇಳಿದ್ದಾರೆ. ಆಟೋಫೋಕಸ್‌ನಲ್ಲಿ ಫರ್ಮ್‌ವೇರಿನಿಂದ ಫೋಕಸ್ ಸುಧಾರಿಸೋದು ಉಂಟು. ನಿನ್ನ ಕೈಲಿರೋದು ಬೇರೆ ಜಾತಿ.

ಎಂ ಕ್ಯಾಮೆರಾ ಅಂದರೆ ಒಂದೇ ಪೆಟ್ಟಿಗೆಯೊಳಗೆ ಎರಡು ಸಂಸಾರ. ಒಂದು ಸೆನ್ಸರ್, ಪ್ರೊಸೆಸರ್, ಮೀಟರ್, ಕಾರ್ಡ್. ಇವೆಲ್ಲ ಫರ್ಮ್‌ವೇರ್ ಹೇಳಿದ ಹಾಗೆ ಕೇಳುತ್ತವೆ. ಇನ್ನೊಂದು 1954ರ ಎಂ3 ಕಾಲದಿಂದ ಹೆಚ್ಚು ಕಡಿಮೆ ಹಾಗೇ ಇರುವ ಹಿತ್ತಾಳೆ, ಗಾಜು, ಸ್ಪ್ರಿಂಗಿನ ಸಂಸಾರ. ಲೆನ್ಸ್ ಬಿಚ್ಚಿ ಬಾಡಿಯೊಳಗೆ ಮೇಲ್ಗಡೆ ನೋಡು, ಒಂದು ಪುಟ್ಟ ಗಾಲಿ ಕಾಣುತ್ತೆ. ಅದನ್ನೇ ರೋಲರ್ ಅನ್ನೋದು. ನೀನು ಫೋಕಸ್ ತಿರುಗಿಸಿದಾಗ ಲೆನ್ಸಿನ ಹಿಂದಿನ ಉಂಗುರ ಆ ರೋಲರನ್ನು ತಳ್ಳುತ್ತೆ. ರೋಲರಿನ ತೋಳು ಒಳಗಿನ ಗಾಜಿನ ಭಾಗವನ್ನು ಸರಿಸುತ್ತೆ. ಆಗ ಎರಡನೇ ಬಿಂಬ ಚೌಕದೊಳಗೆ ಪಕ್ಕಕ್ಕೆ ಜರುಗುತ್ತೆ. ಎರಡು ಕಿಟಕಿಗಳ ನಡುವಿನ ಅಂತರ ಸುಮಾರು 69 ಮಿಲಿಮೀಟರ್. ಅಷ್ಟು ಚಿಕ್ಕ ತ್ರಿಕೋನದಿಂದ ದೂರ ಅಳೆಯಬೇಕು. ರೋಲರ್ ಕೂದಲೆಳೆಯಷ್ಟು ಆಚೀಚೆ ಆದರೂ ಫೋಕಸ್ ತಪ್ಪುತ್ತೆ. ಈ ರೋಲರನ್ನು ಹೊಂದಿಸುವ ಮೋಟಾರು ಯಾವುದೂ ಒಳಗಿಲ್ಲ. ಇನ್ನು ಫರ್ಮ್‌ವೇರ್ ಎಲ್ಲಿಂದ ಸರಿಮಾಡುತ್ತೆ?

50 ಎಂಎಂ ಲೆನ್ಸಿನಲ್ಲಿ ಎಫ್1.1, ಒಂದು ಮೀಟರ್ ದೂರ ಅಂದರೆ ಚೂಪಾಗಿರುವ ಜಾಗ ಎರಡು ಮೂರು ಸೆಂಟಿಮೀಟರ್ ಅಷ್ಟೆ. 60 ಮೆಗಾಪಿಕ್ಸೆಲ್‌ನಲ್ಲಿ ಹಿಗ್ಗಿಸಿ ನೋಡಿದರೆ ಅದೂ ಉಳಿಯಲ್ಲ. ಅಜ್ಜನ ಕಣ್ಣು ಹೋಗಿ ಕಿವಿ ಬಂತು ಅಂದರೆ ಆಶ್ಚರ್ಯ ಇಲ್ಲ. ಫಿಲ್ಮಿನ ಕಾಲದಲ್ಲಿ ಪೋಸ್ಟ್‌ಕಾರ್ಡ್ ಸೈಜಿಗೆ ಪ್ರಿಂಟ್ ಹಾಕುತ್ತಿದ್ದೆವು, ಈ ತಪ್ಪು ಯಾರ ಕಣ್ಣಿಗೂ ಬೀಳುತ್ತಿರಲಿಲ್ಲ.

ಈಗ ಮಾಡಬೇಕಾದ್ದು ಇಷ್ಟು. ತಪ್ಪು ಬಾಡಿಯದ್ದೋ ಲೆನ್ಸಿನದ್ದೋ, ಮೊದಲು ಅದು ಗೊತ್ತಾಗಲಿ.

ನಿಮ್ಮೂರಲ್ಲಿ ಇದಕ್ಕೆ ಬೇಕಾದ ಸಾಮಾನು ದೇವರೇ ಇಟ್ಟಿದ್ದಾನೆ. ಬೆಳಿಗ್ಗೆ ಬಿಸಿಲು ಏರುವ ಮೊದಲು ಕೋಟೆ ಹತ್ತು. ಹೊತ್ತೇರಿದರೆ ಬಂಡೆಗಳ ಮೇಲಿನ ಗಾಳಿ ಕಾದು ನಡುಗುತ್ತೆ, ಏನೂ ತಿಳಿಯಲ್ಲ. ಮೇಲೆ ನಿಂತು ಜೋಗಿಮಟ್ಟಿ ಕಡೆ ತಿರುಗು. ದೂರದ ಗಾಳಿಯಂತ್ರದ ಕಂಬ ಹಿಡಿ. ರೆಕ್ಕೆ ಅಲ್ಲ, ಅದು ತಿರುಗುತ್ತಿರುತ್ತೆ. ಲೆನ್ಸನ್ನು ಇನ್ಫಿನಿಟಿಗೆ (ಅತಿ ದೂರದ ಕೊನೆಯ ಗುರುತಿಗೆ) ತಂದು ನಿಲ್ಲಿಸು. ಚೌಕದೊಳಗೆ ಕಂಬ ಒಂದೇ ಕಾಣಬೇಕು. ಎರಡಾಗಿ ಪಕ್ಕಪಕ್ಕ ಕಂಡರೆ ಇನ್ಫಿನಿಟಿ ಜರುಗಿದೆ. ಒಂದರ ಮೇಲೊಂದು ಏರಿದ ಹಾಗೆ ಕಂಡರೆ ಅದು ಲಂಬದ ತಪ್ಪು, ಅದನ್ನು ಇನ್ನೊಂದು ಕಡೆ ಸರಿಮಾಡಬೇಕು. ಎರಡೂ ಲೆನ್ಸ್ ಹಾಕಿ ನೋಡು.

ಆಮೇಲೆ ಮನೆಯಲ್ಲಿ ಹತ್ತಿರದ ಪರೀಕ್ಷೆ. ಟೇಬಲ್ ಮೇಲೆ ಒಂದು ಸ್ಕೇಲ್ ಓರೆಯಾಗಿ ಇಡು. ಕ್ಯಾಮೆರಾ ಸ್ಟ್ಯಾಂಡಿಗೆ ಹಾಕು. ಒಂದು ಮೀಟರ್ ದೂರ, ಲೆನ್ಸ್ ಪೂರ್ತಿ ತೆರೆದಿರಲಿ. ಮೊದಲು ವ್ಯೂಫೈಂಡರಿನ ಚೌಕದಿಂದ ಸ್ಕೇಲಿನ ಒಂದು ಗೆರೆಗೆ ಫೋಕಸ್ ಮಾಡು. ಉಂಗುರ ಮುಟ್ಟದೆ ಹಿಂದಿನ ಪರದೆಯಲ್ಲಿ ಲೈವ್ ವ್ಯೂ ಹಾಕಿ, ಹಿಗ್ಗಿಸಿ ನೋಡು. ಲೈವ್ ವ್ಯೂ ಸೆನ್ಸರಿನ ಮೇಲೆ ಬಿದ್ದದ್ದನ್ನೇ ತೋರಿಸುತ್ತೆ, ಅದು ಸುಳ್ಳು ಹೇಳಲ್ಲ. ನೀನು ಹಿಡಿದ ಗೆರೆ ಚೂಪಾಗಿದ್ದರೆ ಸರಿ. ಹಿಂದಿನದು ಚೂಪಾಗಿದ್ದರೆ ಎಷ್ಟು ಹಿಂದೆ ಅಂತ ಬರೆದಿಟ್ಟುಕೋ. 35ಕ್ಕೂ ಇದೇ ಮಾಡು. ಎಫ್2ನಲ್ಲಿ ಚೂಪಿನ ಜಾಗ ಸ್ವಲ್ಪ ಜಾಸ್ತಿ ಇರೋದರಿಂದ ತಪ್ಪು ಅಡಗಿ ಕೂರಬಹುದು. ಅದಕ್ಕೇ ಫೋಟೋದಲ್ಲಿ ಚೆನ್ನಾಗಿದೆ ಅಂತ ಬಿಟ್ಟುಬಿಡಬೇಡ, ಹಿಗ್ಗಿಸಿ ನೋಡು.

ಎರಡು ಲೆನ್ಸೂ ಒಂದೇ ಕಡೆಗೆ ತಪ್ಪಿದರೆ ಬಾಡಿ ಜರುಗಿದೆ. ಬೈಕಿನ ಬಾಕ್ಸಿನಲ್ಲಿ ಹಾಕಿಕೊಂಡು ಹಳ್ಳ ದಿಣ್ಣೆಯಲ್ಲಿ ಹೋದರೆ ಆಗೋದೇ. ಒಂದೇ ಲೆನ್ಸ್ ತಪ್ಪಿದರೆ ಲೆನ್ಸಿನದ್ದು. ಬಾಡಿ ಅಂತಾದರೆ ಅಲೆನ್ ಕೀ ಹಿಡಿದು ನೀನೇ ರೋಲರಿಗೆ ಕೈ ಹಾಕಬೇಡ. ವಿಡಿಯೋದಲ್ಲಿ ಅದು ಬಹಳ ಸುಲಭ ಕಾಣುತ್ತೆ. ಇನ್ಫಿನಿಟಿ ಸರಿಮಾಡಲು ಹೋಗಿ ಹತ್ತಿರದ್ದು ಕೆಡಿಸಿಕೊಂಡವರ ಕ್ಯಾಮೆರಾ ನನ್ನ ಟೇಬಲ್ ಮೇಲೆ ಬಂದಿವೆ.

ಜೋಗಿಮಟ್ಟಿ_ಗಾಳಿ

ಅಣ್ಣಾವ್ರೇ, ಇಷ್ಟು ಬಿಡಿಸಿ ಹೇಳಿದ್ದಕ್ಕೆ ಧನ್ಯವಾದ. ಭಾನುವಾರ ಕೋಟೆ ಹತ್ತುತ್ತೇನೆ. ಆದರೆ ಹಾಗಾದರೆ ಈ ಫರ್ಮ್‌ವೇರಿನಿಂದ ಇಂಥ ಕ್ಯಾಮೆರಾಕ್ಕೆ ಏನು ಲಾಭ? ಫೋಕಸ್ ನಾವೇ, ಅಪರ್ಚರ್ ನಾವೇ. ಸುಮ್ನೆ ಮೆನು ಬಣ್ಣ ಬದಲಾಯಿಸ್ತಾರಾ?

ಹಳೇಶಟರ್

ಹಾಗೂ ಅನ್ನಬೇಡ. ನಾನು ಮೊದಲು ಹಾಗೇ ಉಡಾಫೆ ಮಾಡುವವನು, ಈಗ ಮಾಡಲ್ಲ.

ಡಿಜಿಟಲ್ ರೇಂಜ್‌ಫೈಂಡರ್ ಶುರುವಾದದ್ದೇ 2004ರ ಎಪ್ಸನ್ ಆರ್‌ಡಿ1ನಿಂದ. 6 ಮೆಗಾಪಿಕ್ಸೆಲ್. ಪ್ರಿಂಟರ್ ಕಂಪನಿ ಮಾಡಿದ ಕ್ಯಾಮೆರಾ ಅಂತ ಜನ ನಕ್ಕರು. ಆದರೆ ಅದರಲ್ಲಿ ಫಿಲ್ಮ್ ಕ್ಯಾಮೆರಾದಂತೆ ಲಿವರ್ ಎಳೆದು ಶಟರ್ ಏರಿಸಬೇಕು, ಬ್ಯಾಟರಿ ಎಷ್ಟಿದೆ ಅಂತ ಮುಳ್ಳು ತೋರಿಸುತ್ತೆ. ಹಿಂದೆಯೇ ಆರ್‌ಡಿ1ಎಸ್ ಬಂತು, ರಾ (ಸೆನ್ಸರಿನ ಮೂಲ ಫೈಲ್) ಮತ್ತು ಜೆಪೆಗ್ ಒಟ್ಟಿಗೆ ಉಳಿಸುತ್ತಿತ್ತು. ಹಳೇದು ಕೊಂಡವರಿಗೂ ಆ ಅನುಕೂಲವನ್ನು ಫರ್ಮ್‌ವೇರಿನಲ್ಲೇ ಕೊಟ್ಟರು. ಹೊಸ ಕ್ಯಾಮೆರಾ ಕೊಳ್ಳದೆ ಹೊಸ ಕ್ಯಾಮೆರಾ ಸಿಕ್ಕ ಹಾಗಾಯಿತು.

2006ರಲ್ಲಿ ಲೈಕಾ ಎಂ8 ಬಂದಾಗಿನ ಕಥೆ ಇನ್ನೂ ಸ್ವಾರಸ್ಯ. ಸೆನ್ಸರ್ ಮುಂದಿನ ಗಾಜು ತೆಳು, ಇನ್‌ಫ್ರಾರೆಡ್ ಬೆಳಕು ಒಳಗೆ ನುಗ್ಗುತ್ತಿತ್ತು. ಕಪ್ಪು ಪಾಲಿಯೆಸ್ಟರ್ ಬಟ್ಟೆ ನೇರಳೆ ಬಣ್ಣಕ್ಕೆ ತಿರುಗುತ್ತಿತ್ತು. ಆ ಕ್ಯಾಮೆರಾ ಹಿಡಿದು ಅಯ್ಯಪ್ಪ ಮಾಲೆ ಹಾಕಿದವರ ಗುಂಪು ಫೋಟೋ ತೆಗೆದಿದ್ದರೆ ಏನಾಗುತ್ತಿತ್ತು, ನೀನೇ ಯೋಚಿಸು. ಕಂಪನಿ ಕೊಂಡವರಿಗೆ ಎರಡು ಫಿಲ್ಟರ್ ಪುಕ್ಕಟೆ ಕೊಟ್ಟಿತು. ಫಿಲ್ಟರ್ ಹಾಕಿದರೆ ಅಗಲದ ಲೆನ್ಸಿನಲ್ಲಿ ಮೂಲೆಗಳು ಹಸಿರು ನೀಲಿಗೆ ತಿರುಗಿದವು. ಆ ಮೂಲೆ ಸರಿಮಾಡಿದ್ದು ಫರ್ಮ್‌ವೇರ್. ಲೆನ್ಸಿನ ಹಿಂದೆ ಆರು ಕಪ್ಪು ಬಿಳುಪು ಚುಕ್ಕೆಗಳ ಗುರುತು ಇರುತ್ತೆ. ಕ್ಯಾಮೆರಾ ಅದನ್ನು ಓದಿ ಇದು ಯಾವ ಲೆನ್ಸ್ ಅಂತ ತಿಳಿದು ಲೆಕ್ಕ ಹಾಕುತ್ತಿತ್ತು. ಆಮೇಲೆ ಬಂದ 2.000 ವರ್ಷನ್‌ನಲ್ಲಿ ಆಟೋ ಐಎಸ್‌ಒ (ಬೆಳಕಿಗೆ ತಕ್ಕಂತೆ ಸೂಕ್ಷ್ಮತೆ ತಾನೇ ಬದಲಾಗೋದು), ದೊಡ್ಡ ಎಸ್‌ಡಿಎಚ್‌ಸಿ ಕಾರ್ಡಿನ ಅನುಕೂಲ ಸೇರಿದವು. ಅಂದರೆ ಗಾಜಿನ ತಪ್ಪನ್ನು ಫರ್ಮ್‌ವೇರ್ ಅಳಿಸಲಿಲ್ಲ, ಫಿಲ್ಟರ್ ಬೇಕೇ ಬೇಕಾಯಿತು. ಫಿಲ್ಟರಿನಿಂದ ಹುಟ್ಟಿದ ಬಣ್ಣದ ಲೆಕ್ಕವನ್ನು ಮಾತ್ರ ಸರಿಮಾಡಿತು.

ನಿನ್ನ ಎಂ11ನಲ್ಲಿ ಫರ್ಮ್‌ವೇರಿನ ಕೆಲಸ ಇನ್ನೂ ಜಾಸ್ತಿ. ಎಂ10ವರೆಗೂ ಶಟರ್ ಪರದೆಯ ಮೇಲೆ ಬಿದ್ದು ವಾಪಸ್ ಬರುವ ಬೆಳಕನ್ನು ಅಳೆಯುತ್ತಿದ್ದರು. ಎಂ11 ಹಾಗಲ್ಲ. ಆನ್ ಮಾಡಿದ ಕೂಡಲೇ ಶಟರ್ ತೆರೆದುಕೊಳ್ಳುತ್ತೆ, ಬೆಳಕು ಅಳೆಯೋದು ನೇರ ಸೆನ್ಸರಿನಿಂದಲೇ. ಮೀಟರಿಂಗ್, ವೈಟ್ ಬ್ಯಾಲೆನ್ಸ್, ಕಾರ್ಡಿಗೆ ಬರೆಯೋದು, ಫೋನಿನ ಜೊತೆ ಮಾತಾಡೋದು, ಬ್ಯಾಟರಿ ಉಳಿಸೋದು, ಎಲ್ಲ ಫರ್ಮ್‌ವೇರಿನ ಕೈಲಿ. ಅದಕ್ಕೇ ಅಪ್‌ಡೇಟ್ ಹಾಕು ಅಂದದ್ದು.

ಎಲ್ಲವೂ ಸಿಗುತ್ತೆ ಅಂತಲೂ ಅಲ್ಲ. 2023ರ ಎಂ11-ಪಿಯಲ್ಲಿ ಫೋಟೋ ಎಲ್ಲಿ ಹುಟ್ಟಿತು, ಯಾರು ತಿದ್ದಿದರು ಅನ್ನೋದಕ್ಕೆ ಡಿಜಿಟಲ್ ಸಹಿ ಸೇರುತ್ತೆ. ಅದಕ್ಕೆ ಬೇರೆ ಚಿಪ್ ಬೇಕು. ನಿನ್ನ ಎಂ11ಗೆ ಎಷ್ಟು ಅಪ್‌ಡೇಟ್ ಹಾಕಿದರೂ ಆ ಚಿಪ್ ಮೊಳೆಯಲ್ಲ.

ಕುಂದವಾಡ_ಕೆರೆ

ಶಟರ್ ಅಣ್ಣ ಹೇಳಿದ ಮೇಲೆ ನನ್ನ ಮೊದಲ ಉತ್ತರ ತೀರಾ ಸಪ್ಪೆ ಅನಿಸಿತು. ಅಪ್‌ಡೇಟ್ ಹಾಕುವ ಕೆಲಸ ಮಾತ್ರ ನಾನು ಹೇಳುತ್ತೇನೆ, ನನ್ನ ಹೊಟ್ಟೆಪಾಡೇ ಅದು.

ಆ್ಯಪಿನಿಂದಲೂ ಆಗುತ್ತೆ. ಆದರೆ ಫೋನ್‌ನಿಂದ ಕ್ಯಾಮೆರಾಕ್ಕೆ ವೈಫೈ ಮೂಲಕ ಹೋಗುವಾಗ ನಡುವೆ ಯಾರಾದರೂ ಕಾಲ್ ಮಾಡಿದರೆ ಕಿರಿಕಿರಿ. ನನಗೆ ಕಾರ್ಡೇ ಇಷ್ಟ. ಬ್ಯಾಟರಿ ಪೂರ್ತಿ ಚಾರ್ಜ್ ಮಾಡಿ. ನಿಮ್ಮ ಯೂಸರ್ ಪ್ರೊಫೈಲ್‌ಗಳನ್ನು ಮೊದಲು ಕಾರ್ಡಿಗೆ ಉಳಿಸಿ, ಕಾಪಿ ಲ್ಯಾಪ್‌ಟಾಪಿನಲ್ಲಿ ಇಡಿ. ಫೋಟೋಗಳೂ ಅಷ್ಟೆ, ಎಂ11 ಒಳಗೇ 64 ಜಿಬಿ ಇದೆ, ಅಲ್ಲಿ ಏನಾದರೂ ಮರೆತಿದ್ದರೆ ತೆಗೆದುಕೊಳ್ಳಿ. ಕಾರ್ಡನ್ನು ಕ್ಯಾಮೆರಾದಲ್ಲೇ ಫಾರ್ಮ್ಯಾಟ್ ಮಾಡಿ. ಕಂಪನಿಯ ಸೈಟಿನಿಂದಲೇ ಫೈಲ್ ಇಳಿಸಿ, ಹೆಸರಿನ ಕೊನೆಗೆ ಎಲ್‌ಎಫ್‌ಯು ಅಂತ ಇರುತ್ತೆ. ಕಾರ್ಡ್ ತೆರೆದ ಕೂಡಲೇ ಕಾಣುವ ಜಾಗದಲ್ಲಿ ಹಾಕಿ, ಫೋಟೋ ಫೋಲ್ಡರಿನ ಒಳಗೆ ಹಾಕಿದರೆ ಕ್ಯಾಮೆರಾಕ್ಕೆ ಕಾಣಲ್ಲ. ಆಮೇಲೆ ಮೆನುವಿನಲ್ಲಿ ಕ್ಯಾಮೆರಾ ಮಾಹಿತಿಗೆ ಹೋಗಿ ಶುರು ಮಾಡಿ. ಮುಗಿಯುವವರೆಗೆ ಬ್ಯಾಟರಿ ಮುಟ್ಟಬೇಡಿ, ಬಟನ್ ಒತ್ತಬೇಡಿ, ಟೀ ಕುಡಿಯಿರಿ. ಮದುವೆಗೋ ಜಾತ್ರೆಗೋ ಹಿಂದಿನ ರಾತ್ರಿ ಮಾತ್ರ ಈ ಕೆಲಸ ಬೇಡ.

ಒಂದು ಸಮಾಧಾನ, ಲೈಕಾದ ರಾ ಫೈಲ್ ಡಿಎನ್‌ಜಿ ಅನ್ನೋ ಎಲ್ಲರೂ ಬಳಸಬಹುದಾದ ನಮೂನೆಯದು. ಹಳೇ ಎಡಿಟಿಂಗ್ ಸಾಫ್ಟ್‌ವೇರ್ ಇದ್ದರೂ ಸಾಮಾನ್ಯವಾಗಿ ತೆರೆಯುತ್ತೆ.

ನನಗೆ ಆಸೆ ಇರೋದು ಪಿಕ್ಸಿ ಅನ್ನೋ ಇನ್ನೊಂದು ಡಿಜಿಟಲ್ ರೇಂಜ್‌ಫೈಂಡರ್ ಮೇಲೆ. ಫ್ರಾನ್ಸಿನ ಬೆಸಾನ್ಸೋನ್‌ನಲ್ಲಿ ಮಾಡುತ್ತಾರೆ, ಕೈಗಡಿಯಾರಕ್ಕೆ ಹೆಸರಾದ ಊರು. ಹಿಂದೆ ಪರದೆಯೇ ಇಲ್ಲ, ಕಾರ್ಡ್ ಜಾಗವೂ ಇಲ್ಲ. ಫೋಟೋ ಒಳಗಿನ ಮೆಮೊರಿಯಲ್ಲಿ, ನೋಡೋದು ಫೋನಿನಲ್ಲಿ, ಅಪ್‌ಡೇಟ್ ಬರೋದೂ ಫೋನಿನಿಂದಲೇ. 2024ರಲ್ಲಿ ಫುಲ್‌ಫ್ರೇಮ್ ಸೆನ್ಸರಿನ ಪಿಕ್ಸಿ ಮ್ಯಾಕ್ಸ್ ಬಂತು.

ಹಳೇಶಟರ್

ಫೋನ್ ಆ್ಯಪ್ ನಿಂತುಹೋದರೆ ಪಿಕ್ಸಿ ಗತಿ ಏನು? ನನಗೆ ಆ ಅನುಮಾನ ಹೋಗಲ್ಲ. ರೇಂಜ್‌ಫೈಂಡರ್ ಆಗಿರೋದರಿಂದ ಫೋಟೋ ತೆಗೆಯೋದಂತೂ ತೆಗೀಬಹುದು ಅನ್ನು. ನಿನ್ನ ದುಡ್ಡು, ನಿನ್ನ ಇಷ್ಟ.

ಜೋಗಿಮಟ್ಟಿ_ಗಾಳಿ

ಪರೀಕ್ಷೆ ಮುಗೀತು. ಮೊದಲು ಅಪ್‌ಡೇಟ್ ಹಾಕಿದೆ, ಯಾವ ತೊಂದರೆಯೂ ಇಲ್ಲದೆ ಆಯ್ತು. ಫೋಕಸ್ ಇದ್ದ ಹಾಗೇ ಇದೆ.

ಕೋಟೆ ಮೇಲಿಂದ ಗಾಳಿಯಂತ್ರದ ಕಂಬ ನೋಡಿದೆ. 35ರಲ್ಲೂ 50ರಲ್ಲೂ ಒಂದೇ ಕಂಬ, ಮೇಲೆ ಕೆಳಗೆ ಕೂಡ ಜರುಗಿಲ್ಲ. ಮನೆಯಲ್ಲಿ ಸ್ಕೇಲ್ ಇಟ್ಟು ನೋಡಿದರೆ 35 ಲೈವ್ ವ್ಯೂನಲ್ಲಿ ಹಿಗ್ಗಿಸಿದರೂ ಹಿಡಿದ ಗೆರೆಯಲ್ಲೇ ಇದೆ. 50 ಮಾತ್ರ ಹಿಂದಕ್ಕೆ ಹೋಗುತ್ತೆ. ಎಫ್2.8ಕ್ಕೆ ಇಳಿಸಿದರೆ ಇನ್ನೂ ಸ್ವಲ್ಪ ಹಿಂದೆ ಸರಿದ ಹಾಗಿದೆ, ನನ್ನ ಕಣ್ಣಿನ ಭ್ರಮೆಯಾ?

ಹಳೇಶಟರ್

ಭ್ರಮೆ ಅಲ್ಲ. ದೊಡ್ಡ ಬಾಯಿಯ ಕೆಲವು ಲೆನ್ಸ್‌ಗಳಲ್ಲಿ ಅಪರ್ಚರ್ ಇಳಿಸಿದಾಗ ಫೋಕಸ್ ಸ್ವಲ್ಪ ಹಿಂದೆ ಸರಿಯುತ್ತೆ, ಅದು ಗಾಜಿನ ಗುಣ. ಅದಕ್ಕೆ ಯಾರೂ ಮದ್ದು ಕೊಡಲಾರರು. ಪೂರ್ತಿ ತೆರೆದಾಗಲೇ ತಪ್ಪುವುದಕ್ಕೆ ಮಾತ್ರ ಮದ್ದು ಇದೆ. ಬಾಡಿ ಆರೋಗ್ಯವಾಗಿದೆ, ಅದನ್ನು ಎಲ್ಲಿಗೂ ಕಳಿಸಬೇಡ. ಲೆನ್ಸ್ ಬಂದ ಡಬ್ಬಿಯಲ್ಲಿ ಒಂದು ಪುಟ್ಟ ಸ್ಕ್ರೂಡ್ರೈವರ್, ಗೆರೆ ಹಾಕಿದ ಒಂದು ಕಾಗದ ಇತ್ತಾ ನೋಡು. ಇಂಥ ಕೆಲವು ಚೀನಾ ಲೆನ್ಸ್‌ಗಳಲ್ಲಿ ಹಿಂದಿನ ಉಂಗುರವನ್ನು ನಾವೇ ಹೊಂದಿಸಿಕೊಳ್ಳಲಿ ಅಂತ ಕೊಟ್ಟಿರುತ್ತಾರೆ.

ಜೋಗಿಮಟ್ಟಿ_ಗಾಳಿ

ಕಾಗದ ಇದೆ. ಸ್ಕ್ರೂಡ್ರೈವರ್ ಹಿಂದಿನ ಮಾಲೀಕರೇ ಇಟ್ಟುಕೊಂಡಿದ್ದಾರೆ ಅನಿಸುತ್ತೆ.

ಹಳೇಶಟರ್

ಹಾಗಾದರೆ ಒಂದು ದಿನ ಲೆನ್ಸ್, ಬಾಡಿ ಎರಡೂ ತಗೊಂಡು ದಾವಣಗೆರೆಗೆ ಬಾ. ಬಸ್ಸಿನಲ್ಲಿ ಬಾ, ತೊಡೆ ಮೇಲೆ ಇಟ್ಟುಕೊಂಡು. ಬೈಕ್ ಬೇಡ. ನಿನ್ನ ಬಾಡಿಯ ಮೇಲೇ ಹೊಂದಿಸಬೇಕು, ಬೇರೆ ಬಾಡಿಯಲ್ಲಿ ಮಾಡಿ ಕೊಟ್ಟರೆ ಪ್ರಯೋಜನ ಇಲ್ಲ. ಸಂಜೆ ಮಂಡಕ್ಕಿ ಭಟ್ಟಿ ಕಡೆ ಹೋಗೋಣ, ಹೊಗೆಯಲ್ಲಿ ಒಲೆ ಮುಂದೆ ಕೂತವರನ್ನು ಎಫ್1.1ನಲ್ಲಿ ತೆಗೆದು ನೋಡಿದರೆ ಸರಿಯಾಯ್ತಾ ಇಲ್ವಾ ಗೊತ್ತಾಗುತ್ತೆ. ಮೊದಲು ಅವರನ್ನು ಕೇಳಿ ತೆಗೆಯಬೇಕು. ನಂಬರ್ ಮೆಸೇಜಿನಲ್ಲಿ ಕಳಿಸಿದ್ದೇನೆ.